ನೀವೇ ಮೊದಲು ಶುರು ಮಾಡ್ರಿ

ನಮ್ಮ ಮನೆಯಲ್ಲಿ ಹಿರಿಯರು ರೊಟ್ಟಿ ಮುರಿಯುವ ತನಕ ಯಾರೂ ಗಂಗಾಳಕ್ಕೆ ಕೈ ಹಾಕುವಂತಿಲ್ಲ. ನಾನು ಸೊಸೆಯಾಗಿ ಬಂದಾಗಿನಿಂದ ಹಾಗೇ ನಡೆದಿದೆ. ಈ ರೂಢಿ ಹೋಗಿ ಹೋಗಿ ಮೊಮ್ಮಗಳ ಓದಿಗೆ ಅಡ್ಡ ಬೀಳುತ್ತದೆ ಎಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

ನಾನು ಓದಿದ್ದು ಮೂರನೇ ಇಯತ್ತೆ. ನಾಲ್ಕು ಸಾಲು ಬರೆದರೆ ಬೆರಳು ನೋಯುತ್ತವೆ. ಆದರೂ ಈ ಮಾತು ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ, ಬರೆದೇ ಬಿಡುತ್ತೇನೆ.

ಆಗ ನಮ್ಮೂರು ವಾಡಿಯ ಸ್ಟೇಷನ್ ಕಡೆಗೆ ಇಂಟರ್ನೆಟ್ ಅಂಗಡಿ ಹೊಸದಾಗಿ ಬಂದಿತ್ತು. ಮೊಮ್ಮಗಳು ಮನೆಯಲ್ಲಿದ್ದುಕೊಂಡೇ ಡಿಪ್ಲೊಮಾ ಓದುತ್ತಿದ್ದಳು. ಪುಸ್ತಕಗಳು ಅಂಚೆಯಲ್ಲಿ ಬರುತ್ತಿದ್ದವು, ಉಳಿದ ಪಾಠವೆಲ್ಲ ಆ ಅಂಗಡಿಯ ಕಂಪ್ಯೂಟರಿನಲ್ಲಿ. ಗುಲ್ಬರ್ಗಾದ ಕಾಲೇಜಿಗೆ ಕಳಿಸಲು ನನ್ನ ಮಗ ಒಪ್ಪಿರಲಿಲ್ಲ. ಇಷ್ಟಕ್ಕಾದರೂ ಒಪ್ಪಿಸಲು ನಾನು ಅವನ ಜೊತೆ ಮಾತು ಬಿಟ್ಟು ಕೂತಿದ್ದೆ. ಒಪ್ಪಿದ ಮೇಲೂ ಅವನು ಹೇಳಿದ್ದು ಒಂದೇ ಮಾತು: "ಈ ವರ್ಷ ಪಾಸಾದ್ರ ಮುಂದ ಓದ್ಲಿ. ಇಲ್ಲಂದ್ರ ಸಾಕು."

ಪಾಠವೆಲ್ಲ ಮುಗಿದ ಮೇಲೆ ಬಂತು ನೋಡಿ, ಗುಂಪಿನ ಕೆಲಸ. ವಾಡಿಯಿಂದ ಇವಳು, ಶಹಾಬಾದ, ಸೇಡಂ, ಚಿಂಚೋಳಿಯಿಂದ ಒಬ್ಬೊಬ್ಬರು. ಒಬ್ಬರ ಮುಖ ಒಬ್ಬರು ಕಂಡವರಲ್ಲ. ತಮ್ಮ ತಮ್ಮ ಊರಿನ ಸಂತೆಯ ಬಗ್ಗೆ ಬರೆದು, ನಾಲ್ಕನ್ನೂ ಜೋಡಿಸಿ ಒಂದೇ ವರದಿ ಕಳಿಸಬೇಕು. ಒಬ್ಬರದು ತಪ್ಪಿದರೂ ನಾಲ್ವರೂ ನಪಾಸು.

ವಾಡಿಯಲ್ಲಿ ಕರೆಂಟ್ ಇದ್ದಾಗ ಚಿಂಚೋಳಿಯಲ್ಲಿ ಇರುತ್ತಿರಲಿಲ್ಲ. ಚಿಂಚೋಳಿಗೆ ಬಂದಾಗ ಶಹಾಬಾದದಲ್ಲಿ ಹೋಗಿರುತ್ತಿತ್ತು. ಅದನ್ನಾದರೂ ತಾಳಿಕೊಳ್ಳಬಹುದಿತ್ತು. ಆದರೆ ಇವಳು ದಿನಾ ಅಂಗಡಿಯಿಂದ ಮುಖ ಸಣ್ಣ ಮಾಡಿಕೊಂಡು ಬರುತ್ತಿದ್ದುದಕ್ಕೆ ಕಾರಣವೇ ಬೇರೆ.

"ಸೇಡಂದವರು ಇನ್ನಾ ಶುರು ಮಾಡಿಲ್ಲ, ಆಯಿ."

"ನೀನೇ ಮಾಡು ಮತ್ತ."

"ಹೆಂಗ ಮಾಡ್ಲಿ? ಅವ್ರು ಭಾಳ ಹಿರೇರು ಇದ್ದಂಗ ಅದಾರ. 'ತಮ್ಮ ಕ್ಷೇಮವನ್ನು ಹಾರೈಸುತ್ತಾ' ಅಂತ ಬರೀತಾರ. ಗುಡಿ ಪೂಜಾ ಮಾಡೋ ಮನೆತನ ಅಂತ. ಅಂಥ ಗುರುಗಳನ್ನ ಬಿಟ್ಟು ನಾವು ಮುಂದ ಬೀಳೋದು ಚಂದ ಕಾಣ್ತದೇನು? ಮೂವರೂ ಅವ್ರಿಗೇ ಬಿಟ್ಟೀವಿ."

"ಅವ್ರೇನಂತಾರ?"

"'ಹಿರಿಯರಾದ ತಾವೇ ಆರಂಭಿಸಬೇಕು' ಅಂತಾರ. ದೊಡ್ಡವರ ವಿನಯ ನೋಡು ಆಯಿ!"

ವಿನಯ ದೊಡ್ಡದೇ. ಆದರೆ ವರದಿಯಲ್ಲಿ ಒಂದಕ್ಷರ ಇರಲಿಲ್ಲ, ಕಳಿಸಬೇಕಾದ ಸೋಮವಾರ ಮೈಮೇಲೆ ಬಂದಿತ್ತು. ಮಗ ಹೊರಗೆ ಕೂತು ಎಲ್ಲ ಕೇಳಿಸಿಕೊಳ್ಳುತ್ತಿದ್ದ. ನಾನು ಸೆರಗು ಸಿಕ್ಕಿಸಿದೆ.

"ನಡಿ, ಸೇಡಂಕ ಹೋಗೂಣು. ಗುರುಗಳ ಕಾಲಿಗಿ ಬಿದ್ದಾದ್ರೂ ಶುರು ಮಾಡಸೂಣು."

"ಫೋನ್ ಮಾಡಿದ್ರ ಆಯ್ತಿಲ್ಲ?"

"ಫೋನಿನ್ಯಾಗ ಕಾಲಿಗಿ ಬೀಳಾಕ ಬರ್ತದೇನು?"

"ನೆಟ್ನ್ಯಾಗ ಓದೋರು ಯಾರರೆ ಮನೀಗಿ ಹೋಗ್ತಾರೇನ್ ಆಯಿ? ನಗ್ತಾರ!"

"ನಗ್ಲಿ. ನಪಾಸಾದ್ರ ಅಳೋಕಿ ನೀನು."

ಶನಿವಾರ ಬೆಳಗಿನ ಪ್ಯಾಸೆಂಜರ್ ಹತ್ತಿದೆವು. ಚಿತ್ತಾಪುರ ದಾಟಿದರೂ ಇವಳು ಗುರುಗಳ ಮುಂದೆ ಆಡಬೇಕಾದ ಮಾತನ್ನು ತುಟಿಯಲ್ಲೇ ಉರು ಹಚ್ಚುತ್ತಿದ್ದಳು. ನನ್ನ ಕೈಚೀಲದಲ್ಲಿ ತೆಂಗಿನಕಾಯಿ, ಬಾಳೆಹಣ್ಣು. ಹಿರಿಯರ ಮನೆಗೆ ಬರಿಗೈಲಿ ಹೋಗುವುದುಂಟೆ?

ಯಾವ ಗುಡಿ ಎಂದು ಅವರೇ ಬರೆದಿದ್ದರು, ಹಾಗಾಗಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಬಾಗಿಲು ತೆರೆದವನು ಮೀಸೆ ಇನ್ನೂ ಸರಿಯಾಗಿ ಮೂಡದ ಹುಡುಗ. ಬಾಯಲ್ಲಿ ಬ್ರಷ್ಷು.

"ಗುರುಗಳು ಅದಾರೇನಪ್ಪ?"

"ಯಾವ ಗುರುಗಳ್ರಿ?"

"ನೆಟ್ನ್ಯಾಗ ಓದ್ತಾರಲ್ಲ, ಅವ್ರು. ವಾಡಿಲಿಂದ ಬಂದೀವಿ ಅಂತ ಹೇಳು."

ಹುಡುಗ ಬ್ರಷ್ ಕಿತ್ತು, ಬಾಯಿ ಒರೆಸಿಕೊಂಡು, ದಬಕ್ಕನೆ ನನ್ನ ಕಾಲಿಗೆ ಬಿದ್ದ.

"ಮೇಡಂ, ತಾವ್ಯಾಕ ಬರಾಕ ಹೋದ್ರಿ? ನಾನೇ ಬರ್ತಿದ್ನಲ್ರಿ!"

ನನ್ನ ಕೈಯಲ್ಲಿ ತೆಂಗಿನಕಾಯಿ ಹಾಗೇ ಉಳಿಯಿತು. "ಅಯ್ಯ, ಓದೋಕಿ ನಾನಲ್ಲಪ್ಪ, ಇಕಿ!"

ಅವನು ಎದ್ದು ಇವಳನ್ನು ನೋಡಿದ, ಇವಳು ಅವನನ್ನು ನೋಡಿದಳು. ಇವಳು ಮರ್ಯಾದೆ ಕೊಟ್ಟು ಬರೆಯುವುದನ್ನು ನೋಡಿ, ವಾಡಿಯವರು ಯಾವುದೋ ಶಾಲೆಯ ಹೆಡ್ ಮೇಡಂ ಇರಬೇಕೆಂದು ಅವನು ತಿಳಿದಿದ್ದನಂತೆ. ಅವರು ಕೈ ಹಚ್ಚಲಿ ಎಂದು ಕಾದಿದ್ದನಂತೆ. ಆ 'ಕ್ಷೇಮ ಹಾರೈಸುವ' ಬರವಣಿಗೆ, ಅವನ ಅಜ್ಜ ಹೇಳಿ ಬರೆಸುತ್ತಿದ್ದ ಪತ್ರಗಳಿಂದ ಕಲಿತದ್ದು.

ಅಡುಗೆಮನೆಯಿಂದ ಅವನ ತಾಯಿ ನಗುತ್ತಲೇ ಬಂದರು. "ಗುರುಗಳಂತ! ಈ ಗುರುಗಳನ್ನ ಎಬ್ಬಿಸ್ಬೇಕಂದ್ರ ಮಾರಿಗಿ ನೀರು ಹೊಡೀಬೇಕ್ರಿ. ಬರ್ರಿ, ಒಳಗ ಬರ್ರಿ, ಕುಂದ್ರಿ."

ನಾವು ಇಬ್ಬರು ಹೆಂಗಸರು ನಕ್ಕೂ ನಕ್ಕೂ ಕಣ್ಣು ಒರೆಸಿಕೊಂಡೆವು. ಮೊಮ್ಮಗಳು ಮಾತ್ರ ನಗಲಿಲ್ಲ.

"ಹಂಗಾದ್ರ ನಾನೇ ಶುರು ಮಾಡ್ತೀನಿ," ಅಂದಳು. "ಇನ್ನ ಯಾರೂ ಯಾರಿಗೂ ಕಾಯಂಗಿಲ್ಲ."

ಅಲ್ಲಿಂದಲೇ ಉಳಿದಿಬ್ಬರಿಗೆ ಫೋನ್ ಮಾಡಿದಳು. ಶಹಾಬಾದದ ಹುಡುಗಿ ಇವಳಿಗಿಂತ ಸಣ್ಣವಳು. ಚಿಂಚೋಳಿಯವಳು ಕೂಸಿನ ತಾಯಿ. ಅವಳ ಮಾತಿನ ನಡುವೆ ಕೂಸು ಅಳುವುದು ನನಗೂ ಕೇಳಿಸಿತು. ಇಬ್ಬರೂ ಸೇಡಂನ 'ಗುರುಗಳಿಗೆ' ಕಾದು ಕೂತವರೇ. ಸಂಜೆಯೊಳಗೆ ತಮ್ಮ ತಮ್ಮ ಭಾಗ ಬರೆಯಬೇಕು, ಕರೆಂಟ್ ಹೋದವರು ಕರೆಂಟ್ ಇರುವ ಊರಿನವರಿಗೆ ಫೋನಿನಲ್ಲಿ ಓದಿ ಹೇಳಬೇಕು ಎಂದು ಇವಳು ಕರಾರು ಮಾಡಿದಳು.

ಹುಡುಗ ಅಲ್ಲೇ ಕೂತು ಬರೆದ. ಓದಿ ತೋರಿಸಿದ: "ನಮ್ಮ ಸಂತೆಯು ಸಕಲ ವಸ್ತುಗಳಿಂದ ಶೋಭಿಸುತ್ತದೆ."

"ಶೋಭಿಸೋದು ಬಿಡು. ಏನೇನು ಮಾರ್ತಾರ, ಎಲ್ಲಿಂದ ತರ್ತಾರ, ಅದನ್ನ ಬರಿ," ಅಂದಳು ಇವಳು. ಆ ಗುಂಪಿನಲ್ಲಿ ಒಬ್ಬರು ಇನ್ನೊಬ್ಬರಿಗೆ ತಪ್ಪು ಎಂದು ಹೇಳಿದ್ದು ಅದೇ ಮೊದಲು. ಹುಡುಗ ತಲೆ ಕೆರೆದುಕೊಂಡ. ಕಾಟು ಹೊಡೆದು ಮತ್ತೆ ಬರೆದ.

ವರದಿ ಸೋಮವಾರ ಹೋಯಿತು. ಫಲಿತಾಂಶ ಬಂದ ದಿನ ನಾನು ಓಣಿಗೆಲ್ಲ ಸಕ್ಕರೆ ಹಂಚಿದೆ, ಯಾರ ಮನೆಗೆ ಕೊಟ್ಟೆ ಎನ್ನುವುದು ಮರೆತು ಕೆಲವರಿಗೆ ಎರಡೆರಡು ಸಲ. ನನ್ನ ಮಗ ಹೊಸ್ತಿಲ ಮೇಲೆ ನಿಂತು ಮಗಳಿಗೆ ಕೇಳಿದ: "ಮುಂದಿನ ವರ್ಷದ ಪುಸ್ತಕ ಯಾವಾಗ ಬರ್ತಾವ?" ನಾನು ಒಳಗೆ ಹೋಗಿ ಕಣ್ಣೀರು ಹಾಕಿದೆ, ಸಂತೋಷಕ್ಕೆ.

ಆಮೇಲೆ ಒಂದು ಐತವಾರ ಉಳಿದ ಮೂವರನ್ನೂ ಊಟಕ್ಕೆ ಕರೆದೆ. ಚಿಂಚೋಳಿಯವಳು ಕೂಸನ್ನೂ ತಂದಿದ್ದಳು. ಬಿಸಿ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ ಬಡಿಸಿ ಒಲೆಯ ಕಡೆ ತಿರುಗಿದೆ. ಹಿಂದೆ ಮಾತು ಕೇಳಿಸಿತು.

"ಅಕ್ಕಾ, ನೀವು ಶುರು ಮಾಡ್ರಿ."

"ಇಲ್ರಿ, ಮೊದಲ ನೀವು."

ಲಟ್ಟಣಿಗೆ ಎತ್ತಿಕೊಂಡು ತಿರುಗಿದೆ. "ಮತ್ತ ಚಾಲೂ ಆಯ್ತೇನ್ರೋ ನಿಮ್ಮದು?"

ಮೊಮ್ಮಗಳು ಟಪ್ಪನೆ ರೊಟ್ಟಿ ಮುರಿದು ಬಾಯಿಗೆ ಹಾಕಿಕೊಂಡಳು. ನನ್ನ ಮಗ ಇನ್ನೂ ಕೈ ತೊಳೆಯುತ್ತಿದ್ದ.