ಯಾವ ಅತ್ತೆ ಎಂದು ಕೇಳಿದ ಕಚೇರಿ

ನನ್ನ ಅತ್ತೆ ನನ್ನ ಅಪ್ಪನ ತಂಗಿ. ಅವಳ ಮಗನಿಗೇ ನನ್ನನ್ನು ಕೊಟ್ಟರು. ಮಾತು ಬಂದಾಗಿನಿಂದ ಅತ್ತೆ ಎಂದು ಕರೆಯುತ್ತಿದ್ದವಳನ್ನು ಕೊರಳಿಗೆ ತಾಳಿ ಬಿದ್ದ ಮೇಲೂ ಅತ್ತೆ ಎಂದೇ ಕರೆದೆ. ದೊಡ್ಡಬಳ್ಳಾಪುರದ ಮಗ್ಗದ ಕೇರಿಯಲ್ಲಿ ಇದೇನು ದೊಡ್ಡ ವಿಷಯವಲ್ಲ. ಇದನ್ನು ಬಿಡಿಸಿ ಹೇಳುವುದಕ್ಕೆ ಬಸ್ಸು ಹತ್ತಿ ಬೆಂಗಳೂರಿಗೆ ಹೋಗಬೇಕಾಗುತ್ತದೆ ಎಂದು ಯಾರಾದರೂ ಹೇಳಿದ್ದರೆ ಅವರಿಗೆ ತಲೆ ಕೆಟ್ಟಿದೆ ಎನ್ನುತ್ತಿದ್ದೆ.

ನನ್ನ ಗಂಡ ಸರ್ಕಾರಿ ಕಾಲೇಜೊಂದರಲ್ಲಿ ಜವಾನನಾಗಿದ್ದ. ಒಂದು ದಿನ ಎದೆ ಹಿಡಿದುಕೊಂಡು ಕುಳಿತವನು ಏಳಲಿಲ್ಲ. ನಮಗೆ ಮಕ್ಕಳಿಲ್ಲ. ಉಳಿದವರು ನಾನು, ಅತ್ತೆ. ಅವನ ಕೆಲಸವನ್ನು ಅನುಕಂಪದ ಮೇಲೆ ನನಗೆ ಕೊಟ್ಟರು. ಕೊಡುವ ಮುಂಚೆ ಒಂದು ಮುಚ್ಚಳಿಕೆ ಬರೆಸಿಕೊಂಡರು. ಸತ್ತ ನೌಕರನ ತಾಯಿಯನ್ನು ನಾನು ಸಾಕಬೇಕು, ಸಾಕದಿದ್ದರೆ ಕೆಲಸ ಹೋಗುತ್ತದೆ. ನನ್ನ ಅಪ್ಪನ ತಂಗಿಯನ್ನು ಸಾಕು ಎಂದು ಸರ್ಕಾರ ನನಗೆ ಹೇಳಿಕೊಡಬೇಕಾಗಿರಲಿಲ್ಲ. ಆದರೂ ರುಜು ಹಾಕಿದೆ. ನಾನು ಕಲಿತಿದ್ದು ಮೂರನೇ ಕ್ಲಾಸು. ರುಜು ಹಾಕಲು ಅಷ್ಟು ಸಾಕು.

ಕಾಲೇಜಿನಲ್ಲಿ ನನ್ನ ಕೆಲಸ ಗುಡಿಸುವುದು, ಗಂಟೆ ಹೊಡೆಯುವುದು, ಸುತ್ತೋಲೆ ಹೊತ್ತು ತಿರುಗುವುದು. ಮೇಲಿನ ಕಚೇರಿಯಿಂದ ಸುತ್ತೋಲೆ ಬಂದರೆ ಅದನ್ನು ಪುಸ್ತಕಕ್ಕೆ ಅಂಟಿಸಿ ನನ್ನ ಕೈಗೆ ಕೊಡುತ್ತಿದ್ದರು. ನಾನು ಕೋಣೆಯಿಂದ ಕೋಣೆಗೆ ಒಯ್ಯುತ್ತಿದ್ದೆ. ಮೇಷ್ಟ್ರುಗಳು ಓದದೆ ರುಜು ಹಾಕುತ್ತಿದ್ದರು. ನಾನು ಕೂಡಿಸಿ ಕೂಡಿಸಿ ಓದಿದರೂ ಅರ್ಥವಾಗುತ್ತಿರಲಿಲ್ಲ. ಎಲ್ಲ ಮಾತೂ ‘ತಕ್ಕದ್ದು’ ಎಂದು ಮುಗಿಯುತ್ತಿತ್ತು. ಸಲ್ಲಿಸತಕ್ಕದ್ದು, ಲಗತ್ತಿಸತಕ್ಕದ್ದು. ಯಾರು ಯಾರಿಗೆ ಏನು ಮಾಡತಕ್ಕದ್ದು ಎಂಬುದು ಮಾತ್ರ ತಿಳಿಯುತ್ತಿರಲಿಲ್ಲ.

ನಿವೃತ್ತಿಗೆ ಒಂದೂವರೆ ವರ್ಷ ಇದ್ದಾಗ ಬಂದ ಒಂದು ಸುತ್ತೋಲೆಯನ್ನು ಮೇಷ್ಟ್ರುಗಳು ಓದಿದರು. ಓದಿ ಗುಂಪು ಕಟ್ಟಿ ಮಾತಾಡಿದರು. ಆಗ ನಾನು ನೇರ ಗುಮಾಸ್ತನ ಮೇಜಿನ ಮುಂದೆ ಹೋಗಿ ನಿಂತೆ. ವಯಸ್ಸಿನಲ್ಲಿ ಚಿಕ್ಕವನು, ಮುಖ ಕೊಟ್ಟು ಮಾತಾಡುವವನು.

“ಏನಪ್ಪಾ, ಇದ್ರಾಗೆ ಏನೈತೆ? ಎಲ್ಲಾ ಓದ್ತಾವ್ರೆ.”

“ಆಸ್ಪತ್ರೆ ಕಾರ್ಡಮ್ಮಾ. ಕಾರ್ಡ್ ತೋರಿಸಿದ್ರೆ ದುಡ್ಡು ಕಟ್ಟದೆ ಆಪರೇಷನ್ ಮಾಡ್ತಾರೆ. ಮನೆಯವರನ್ನೂ ಸೇರಿಸ್ಬೋದು.”

“ನಮ್ಮತ್ತೇನ?”

“ಗಂಡನ ತಾಯಿ ಬರ್ತಾರೆ. ನಿಮ್ ಜೊತೇಲಿರ್ಬೇಕು, ಸಂಪಾದನೆ ಇರ್ಬಾರ್ದು, ಅಷ್ಟೇ.”

“ಅವ್ಳ ಸಂಪಾದನೆ ಎಲ್ಲಾ ಬೈಗುಳ ಕಣಪ್ಪ. ಅದಕ್ಕೆ ತೆರಿಗೆ ಇಲ್ಲ.”

ಅವನು ನಕ್ಕ. ಆಮೇಲೆ ಹೇಳಿದ, “ಬೇಗ ಮಾಡಿಸ್ಕೊಳ್ಳಿ. ರಿಟೈರ್ ಆದ್ರೆ ಈ ಕಾರ್ಡ್ ನಿಂತೋಗುತ್ತೆ.”

ಅತ್ತೆಯ ಎರಡು ಮಂಡಿಯೂ ಸವೆದು ಹೋಗಿದ್ದವು. ಮಗ್ಗದ ಮನೆಯಲ್ಲಿ ಕುಕ್ಕರಗಾಲಿನಲ್ಲಿ ಕುಳಿತು ನೂಲು ಸುತ್ತಿ ಸುತ್ತಿ ಸವೆದಿದ್ದು. ಬಚ್ಚಲಿನ ಹೊಸ್ತಿಲು ದಾಟಲು ಆಗುತ್ತಿರಲಿಲ್ಲ. ನಾನು ಕೆಲಸಕ್ಕೆ ಹೋದರೆ ಮಧ್ಯಾಹ್ನ ಊಟಕ್ಕೆ ಬರುವವರೆಗೆ ಹಿಡಿದುಕೊಂಡೇ ಕೂರುತ್ತಿದ್ದಳು. ಅದಕ್ಕೆ ಹೆದರಿ ಬೆಳಗಿನಿಂದ ನೀರು ಕುಡಿಯುತ್ತಿರಲಿಲ್ಲ. ಎರಡು ಮಂಡಿಗೂ ಆಪರೇಷನ್ ಆದರೆ ತಾನೇ ಹೋಗಿ ಬರುತ್ತಾಳೆ ಎಂದು ಡಾಕ್ಟರು ಹೇಳಿದ್ದರು. ಕೈಯಿಂದ ದುಡ್ಡು ಕಟ್ಟಿ ಮಾಡಿಸುವ ಯೋಗ್ಯತೆ ನಮಗಿರಲಿಲ್ಲ. ಆ ಕಾರ್ಡು ಬಂದರೆ ಅತ್ತೆ ತನ್ನ ಪಾಡಿಗೆ ಬಚ್ಚಲಿಗೆ ಹೋಗಬಹುದು. ನನಗೆ ಬೇಕಾಗಿದ್ದದ್ದು ಅಷ್ಟೇ.

ಗುಮಾಸ್ತ ಅರ್ಜಿ ತುಂಬಲು ಕುಳಿತ. ಅತ್ತೆಯ ತಂದೆಯ ಹೆಸರು ಕೇಳಿದ, ಹೇಳಿದೆ.

“ಅಲ್ಲಮ್ಮಾ, ಇದು ನಿಮ್ಮ ತಾತನ ಹೆಸರಲ್ವಾ?”

“ಹೂಂ ಮತ್ತೆ. ಅವ್ಳು ನಮ್ಮಪ್ಪನ ಒಡಹುಟ್ಟಿದ ತಂಗಿ.”

“ಓ, ಸೋದರತ್ತೆ.” ‘ಸಂಬಂಧ’ ಎಂಬ ಕಡೆ ‘ಅತ್ತೆ’ ಎಂದು ಬರೆದು, ಪಕ್ಕದಲ್ಲಿ ‘ತಂದೆಯ ತಂಗಿ’ ಎಂದೂ ಸೇರಿಸಿದ. ನಾನು ವಿವರವಾಗಿರಲಿ ಎಂದು ಹೇಳಿದೆ, ಅವನು ವಿವರವಾಗಿರಲಿ ಎಂದು ಬರೆದ. ಇಬ್ಬರಿಗೂ ಬುದ್ಧಿ ಇರಲಿಲ್ಲ.

ಮಳೆಗಾಲದಲ್ಲಿ ಹೋದ ಅರ್ಜಿ ಅವರೆಕಾಯಿ ಬರುವ ಹೊತ್ತಿಗೆ ವಾಪಸು ಬಂತು. ತಂದೆಯ ಸಹೋದರಿ ನೌಕರರ ಕುಟುಂಬಕ್ಕೆ ಸೇರುವುದಿಲ್ಲವಂತೆ. ಗುಮಾಸ್ತ ತಲೆ ಚಚ್ಚಿಕೊಂಡ. ಈ ಸಲ ‘ಅತ್ತೆ’ ಎಂಬ ಮಾತನ್ನೇ ಬಿಟ್ಟು ‘ಗಂಡನ ತಾಯಿ’ ಎಂದಷ್ಟೇ ಬರೆದು ಮತ್ತೆ ಕಳಿಸಿದೆವು. ಮಾವಿನಕಾಯಿಯ ಕಾಲಕ್ಕೆ ಅದೂ ವಾಪಸು. ಹಿಂದೆ ತಂದೆಯ ಸಹೋದರಿ ಎಂದು ತಿಳಿಸಿ ಈಗ ಅದೇ ಹೆಂಗಸನ್ನು ಗಂಡನ ತಾಯಿ ಎಂದು ತಿಳಿಸಿದ್ದೀರಿ, ಯಾವುದು ಸರಿ, ಸ್ಪಷ್ಟನೆ ನೀಡತಕ್ಕದ್ದು.

“ಎರಡೂ ಅಂತ ಬರೆಯಪ್ಪ.”

“ಬರೆದ್ರೆ ಇನ್ನೊಂದು ವರ್ಷ ತಿರುಗುತ್ತೆ ಅಮ್ಮಾ. ನೀವೇ ಬೆಂಗಳೂರಿನ ಕಚೇರಿಗೆ ಹೋಗಿ ಮುಂದೆ ನಿಂತ್ಕೊಳ್ಳಿ.”

ಅತ್ತೆಗೆ ಹೇಳಿದೆ. ಅವಳು ಗೋಡೆಗೆ ಒರಗಿ ಕಾಲು ನೀವಿಕೊಳ್ಳುತ್ತಿದ್ದಳು.

“ನಿಮ್ಮಪ್ಪ ಅವತ್ತೇ ಬಡ್ಕೊಂಡ ಕಣೇ, ಹೊರಗಡೆ ಸಂಬಂಧ ನೋಡಾನ ಅಂತ. ನಾನೇ ಹಟ ಹಿಡಿದೆ, ನನ್ ಅಣ್ಣನ ಮಗಳೇ ಬೇಕು ಅಂತ. ಅನುಭವಿಸ್ತಾ ಇದ್ದೀನಿ.”

“ನೀನ್ ಅನುಭವಿಸ್ತಾ ಇದ್ದೀಯಾ? ತಿರುಗ್ತಾ ಇರೋಳು ನಾನು.”

“ನಿಂಗೆ ಕಾಲೈತೆ, ತಿರುಗು.”

ಬೆಂಗಳೂರಿನ ಆ ಕಚೇರಿಯಲ್ಲಿ ಎರಡು ಮಹಡಿ ಹತ್ತಿಸಿದರು. ನಮ್ಮ ಫೈಲು ನೋಡುತ್ತಿದ್ದವರು ಒಬ್ಬ ಮೇಡಂ. ಹಣೆ ತುಂಬ ಕುಂಕುಮ, ನಮ್ಮ ಕಡೆಯವರೇ ಇರಬೇಕು ಎನ್ನುವ ಹಾಗೆ ಮಾತು.

“ಒಂದ್ಸಲ ತಂದೆ ತಂಗಿ ಅಂತೀರಾ, ಒಂದ್ಸಲ ಗಂಡನ ತಾಯಿ ಅಂತೀರಾ. ಯಾವುದಮ್ಮಾ ನಿಜ?”

“ಎರಡೂ ನಿಜ ಮೇಡಂ. ಅತ್ತೆ ಮಗನ್ನ ಮದುವೆ ಆಗಿದ್ದು ನಾನು.”

“ಅದು ಸರಿ. ಆದ್ರೆ ಕಂಪ್ಯೂಟರ್ ಒಂದೇ ಸಂಬಂಧ ತಗೊಳೋದು.”

“ಹಂಗಾದ್ರೆ ಗಂಡನ ತಾಯಿ ಅಂತ ಹಾಕಿ.”

“ಹಳೇ ಅರ್ಜಿ ಫೈಲಲ್ಲೇ ಇದೆಯಲ್ಲ. ನಾಳೆ ಆಡಿಟ್‌ನವರು ಸೋದರತ್ತೆಗೆ ಯಾಕೆ ಕೊಟ್ಟೆ ಅಂತ ನನ್ನ ಕೇಳ್ತಾರೆ.”

“ನಿಮ್ ಕಡೆ ಹಿಂಗೆ ಮದುವೆ ಆಗಲ್ವಾ ಮೇಡಂ?”

ಪಕ್ಕದ ಮೇಜಿನ ಗಂಡಸು ತಲೆ ಎತ್ತದೆ ಹೇಳಿದ, “ಮೇಡಂ ಯಜಮಾನ್ರೂ ಅತ್ತೆ ಮಗನೇ ಕಣಮ್ಮಾ.”

“ಮನೇಲಿ ಆಗುತ್ತೆ ರೀ,” ಎಂದರು ಮೇಡಂ, “ಫೈಲಲ್ಲಿ ಆಗಲ್ಲ.”

ಆಗ ನನಗೆ ಸಿಟ್ಟು ನೆತ್ತಿಗೇರಿತು. “ಈ ಮುದುಕೀನ ಸಾಕ್ಲಿಲ್ಲ ಅಂದ್ರೆ ಕೆಲಸದಿಂದ ತೆಗೀತೀವಿ ಅಂತ ಬರೆಸ್ಕೊಂಡಿದ್ದು ನೀವೇ ಅಲ್ವಾ? ಅವತ್ತು ಅವ್ಳು ಯಾರು ಅಂತ ಗೊತ್ತಿತ್ತು. ಸಾಕಕ್ಕೆ ನಮ್ಮತ್ತೆ, ಆಸ್ಪತ್ರೆಗೆ ಮಾತ್ರ ಯಾರೋ ಹೆಂಗ್ಸಾ?” ಎಂದೆ. ನನ್ನ ದನಿ ಜೋರು. ಕಚೇರಿಯೆಲ್ಲ ತಿರುಗಿ ನೋಡಿತು.

“ಕೂಗ್ಬೇಡಿ. ಅದು ನೇಮಕಾತಿ ಶಾಖೆ. ಇದು ಸೌಲಭ್ಯ ಶಾಖೆ.”

ಎರಡು ಶಾಖೆಯ ನಡುವೆ ಒಂದು ಗೋಡೆ ಇತ್ತು. ಬಾಗಿಲೂ ಇತ್ತು. ಎದ್ದು ಹೋಗಿ ಕೇಳುವವರು ಯಾರೂ ಇರಲಿಲ್ಲ. ಕೊನೆಗೆ ಮೇಡಂ ಒಂದು ದಾರಿ ಹೇಳಿದರು. ನನ್ನ ತಂದೆಯ ತಂಗಿ, ನನ್ನ ಗಂಡನ ತಾಯಿ, ಇವರಿಬ್ಬರೂ ಒಬ್ಬರೇ ಎಂದು ನೋಟರಿ ಹತ್ತಿರ ಪ್ರಮಾಣಪತ್ರ ಮಾಡಿಸಿ ತರಬೇಕು. ಅದಕ್ಕೆ ಅತ್ತೆಯ ಹೆಬ್ಬೆಟ್ಟೂ ಬೇಕು.

ಅತ್ತೆಯನ್ನು ನಾನೂ ಆಟೋದವನೂ ಹಿಡಿದು ಆಟೋಗೆ ಕೂರಿಸಿ ತಾಲೂಕು ಕಚೇರಿಯ ಮುಂದೆ ತಂದೆವು. ಇಳಿಯಲು ಆಗುವುದಿಲ್ಲ ಎಂದಿದ್ದಕ್ಕೆ ನೋಟರಿಯೇ ಆಟೋ ಹತ್ತಿರ ಬಂದ. ಬರೆದಿದ್ದನ್ನು ಗಟ್ಟಿಯಾಗಿ ಓದಿ, “ನೀವಿಬ್ರೂ ಒಬ್ರೇ ಅಂತ ಒಪ್ಕೋತೀರಾ ಅಜ್ಜಿ?” ಎಂದ.

“ಇಬ್ರಾಗಿದ್ರೆ ಚೆನ್ನಾಗಿರ್ತಿತ್ತು ಕಣಪ್ಪ,” ಎಂದಳು ಅತ್ತೆ. “ಒಬ್ಳು ಎತ್ಕೊಂಡು ಹೋಗ್ತಿದ್ಲು, ಒಬ್ಳು ಬಚ್ಚಲಿಗೆ ಹೋಗ್ತಿದ್ಲು.” ಹೆಬ್ಬೆಟ್ಟು ಒತ್ತಿ ಮಸಿಯನ್ನು ನನ್ನ ಸೆರಗಿಗೆ ಒರೆಸಿದಳು.

ಕಾರ್ಡು ಬಂದಾಗ ನನ್ನ ಕೆಲಸ ಇನ್ನು ಕೆಲವೇ ವಾರ ಉಳಿದಿತ್ತು. ಆಸ್ಪತ್ರೆಗೆ ಓಡಿದೆವು. ಡಾಕ್ಟರು ಅತ್ತೆಯ ವಯಸ್ಸು ನೋಡಿ, ಎರಡನ್ನೂ ಒಟ್ಟಿಗೆ ಮಾಡಲು ಆಗುವುದಿಲ್ಲ, ಒಂದು ಮಾಡಿ ಮೂರು ತಿಂಗಳು ಬಿಟ್ಟು ಇನ್ನೊಂದು ಎಂದರು. ಮೂರು ತಿಂಗಳು ನನ್ನ ಹತ್ತಿರ ಇರಲಿಲ್ಲ. ಒಂದನ್ನಾದರೂ ಮಾಡಿ ಎಂದೆ. ಯಾವುದು ಎಂದು ಕೇಳಿದರು. ಬಲಗಾಲೇ ಹೆಚ್ಚು ನೋವು ಎಂದು ಅತ್ತೆ ತೋರಿಸಿದಳು. ಬಲಗಾಲು ಮಾಡಿದರು. ಆಪರೇಷನ್ ಚೆನ್ನಾಗಿಯೇ ಆಯಿತು, ಅದನ್ನು ಇಲ್ಲ ಎನ್ನುವುದಿಲ್ಲ.

ಹೊಲಿಗೆ ಬಿಚ್ಚಿದ ಮೇಲೆ ನನ್ನ ನಿವೃತ್ತಿ. ಶಾಲು ಹೊದಿಸಿದರು, ಹಾರ ಹಾಕಿದರು. ನಾನು ಕಾಲೇಜಿನ ತಾಯಿ ಇದ್ದ ಹಾಗೆ ಎಂದು ಪ್ರಿನ್ಸಿಪಾಲರು ಭಾಷಣ ಮಾಡಿದರು. ನನಗೆ ಕೇಳಿಸಲೇ ಇಲ್ಲ. ಆ ಅರ್ಜಿ ಎರಡು ಸಲ ವಾಪಸು ಬರದೇ ಇದ್ದಿದ್ದರೆ ಎಡಗಾಲಿಗೂ ಸಮಯ ಸಿಗುತ್ತಿತ್ತು. ಶಾಲು ಹೊದ್ದು ಕುಳಿತು ಅದನ್ನೇ ಯೋಚಿಸುತ್ತಿದ್ದೆ.

ನಿವೃತ್ತರಿಗೂ ಕಾರ್ಡು ಕೊಡುತ್ತಾರಂತೆ ಎಂದು ಒಬ್ಬರು ಹೇಳುತ್ತಾರೆ, ಇನ್ನೂ ಇಲ್ಲ ಎಂದು ಇನ್ನೊಬ್ಬರು. ಗುಮಾಸ್ತನಿಗೆ ಫೋನು ಮಾಡಿದರೆ, “ಸುತ್ತೋಲೆ ಬಂದಿಲ್ಲಮ್ಮಾ” ಎನ್ನುತ್ತಾನೆ.

ಅತ್ತೆ ಈಗ ಗೋಡೆ ಹಿಡಿದು ಬಚ್ಚಲಿನವರೆಗೆ ತಾನೇ ನಡೆಯುತ್ತಾಳೆ. ಹೊಸ್ತಿಲಿನ ಹತ್ತಿರ ಬಲಗಾಲು ದಾಟಿಸುತ್ತಾಳೆ. ಎಡಗಾಲು ಮಡಚುವುದಿಲ್ಲ, ಮೇಲೆ ಏಳುವುದಿಲ್ಲ. ಅರ್ಧ ಒಳಗೆ ಅರ್ಧ ಹೊರಗೆ ನಿಂತು ಕೂಗುತ್ತಾಳೆ.

“ಲೇ! ಸರ್ಕಾರದ ಕಾಲು ಒಳಗೆ ಹೋಯ್ತು. ನಂದು ಇಲ್ಲೇ ನಿಂತೈತೆ. ಬಾರೇ!”

ನಾನು ಬೈದುಕೊಂಡು ಹೋಗುತ್ತೇನೆ. ಬಗ್ಗಿ ಅವಳ ಎಡಗಾಲನ್ನು ಎರಡು ಕೈಯಿಂದ ಎತ್ತಿ ಒಳಗಿಡುತ್ತೇನೆ. ಬಗ್ಗಿದರೆ ಈಗ ನನ್ನ ಮಂಡಿಯೂ ಹಿಡಿಯುತ್ತದೆ.