ಎರಡೇ ಸಲ ಕೇಳಿದವನು

ಐರ್ಲೆಂಡಿನ ನಮ್ಮ ಕಿಲ್‌ಡೂನಾ ಊರಿನಲ್ಲಿ ಮಧ್ಯಾಹ್ನದ ರೇಡಿಯೊ ಸತ್ತವರ ಹೆಸರು ಓದುವಾಗ ಯಾರೂ ತುಟಿ ಬಿಚ್ಚುವುದಿಲ್ಲ. ಅಂಗಡಿಯಲ್ಲಿ ಹ್ಯಾಮ್ ಕತ್ತರಿಸುತ್ತಿರುವವನೂ ಚಾಕು ಎತ್ತಿ ಹಿಡಿದು ನಿಲ್ಲುತ್ತಾನೆ. ಯಾರು ಹೋದರು, ಹೆಣ ಯಾರ ಮನೆಯಲ್ಲಿಟ್ಟಿದ್ದಾರೆ, ಮಣ್ಣು ಯಾವಾಗ, ಇಷ್ಟು ತಿಳಿದ ಮೇಲೆಯೇ ಚಾಕು ಇಳಿಯುವುದು. ಗುರುವಾರಗಳಂದು ಈ ಸುದ್ದಿ ಮುಗಿದ ಕೂಡಲೇ ಡಿಂಪ್ನಾ ಗಾರ್ವಿಯ ಕಾರ್ಯಕ್ರಮ. ಸಾವಿನ ಸುದ್ದಿಗೆಂದು ಹಾಕಿದ ರೇಡಿಯೊ ಆರಿಸಲು ಸೋಮಾರಿತನ ಬಂದೇ ಅರ್ಧ ಊರು ಸಿನಿಮಾದವರ ಮಾತು ಕೇಳುವುದನ್ನು ಅಭ್ಯಾಸ ಮಾಡಿಕೊಂಡಿತು ಎಂದು ನಾನು ಹೇಳಿದರೆ ಅವಳಿಗೆ ಸಿಟ್ಟು ಬರುತ್ತದೆ. ಬರಲಿ, ನಿಜ ಅದೇ.

ನಾನು ಫಿಂಟನ್. ಶಾಲೆಯ ಬಸ್ಸು ಓಡಿಸಿ ನಿವೃತ್ತನಾದವನು. ನಮ್ಮ ಬೇಲಿ ಡಿಂಪ್ನಾಳ ಬೇಲಿಗೆ ತಾಗಿದೆ. ಅವಳು ಸಿನಿಮಾದವರನ್ನು ಮಾತಾಡಿಸುವಾಗ ರೆಕಾರ್ಡ್ ಮಾಡುವ ಪೆಟ್ಟಿಗೆ ಹಿಡಿದು ಕೂರುವುದು ನನ್ನ ಕೆಲಸ, ಯಾಕೆಂದರೆ ಅವಳ ಕೈ ಯಾವಾಗಲೂ ಹಿಟ್ಟಿನಲ್ಲಿರುತ್ತದೆ.

ನಮ್ಮೂರಿನ ಚರ್ಚಿನ ಸಭಾಂಗಣದಲ್ಲಿ ಒಂದು ಫಿಲ್ಮ್ ಕ್ಲಬ್ ಇದೆ. ಐರ್ಲೆಂಡಿನಲ್ಲೇ ಚಿತ್ರ ಮಾಡಿದವರನ್ನು ಕರೆಸಿ, ಅವರ ಚಿತ್ರ ತೋರಿಸಿ, ಮರುದಿನ ಕಳಿಸಿಕೊಡುತ್ತಾರೆ. ಊರಲ್ಲಿ ಹೋಟೆಲ್ ಇಲ್ಲ. ಹಾಗಾಗಿ ಬಂದವರೆಲ್ಲ ಉಳಿಯುವುದು ಡಿಂಪ್ನಾಳ ಮನೆಯಲ್ಲಿ. ಮದುವೆಯಾಗದ ಹೆಂಗಸು, ದೊಡ್ಡ ಮನೆ, ಖಾಲಿ ಕೋಣೆಗಳನ್ನು ಬಾಡಿಗೆಗೆ ಕೊಡುತ್ತಾಳೆ. ಮೊದಮೊದಲು ಮಾತುಕತೆಯನ್ನು ರೇಡಿಯೊದವರ ಕೋಣೆಯಲ್ಲೇ ಮಾಡುತ್ತಿದ್ದರು. ಅಲ್ಲಿ ಕೂತವರೆಲ್ಲ ಪೊಲೀಸರ ಮುಂದೆ ಕೂತ ಹಾಗೆ ಉತ್ತರ ಕೊಡುತ್ತಿದ್ದರು. ಒಂದು ಬೆಳಿಗ್ಗೆ ಡಿಂಪ್ನಾ, “ಫಿಂಟನ್, ಆ ಪೆಟ್ಟಿಗೆ ನಮ್ಮ ಅಡುಗೆಮನೆಗೆ ತಗೊಂಡು ಬಾ” ಅಂದಳು. ಅತಿಥಿಯನ್ನು ಮೇಜಿನ ಹತ್ತಿರ ಕೂರಿಸಿ, ತಾನು ಬೆನ್ನು ತಿರುಗಿಸಿ ಮಜ್ಜಿಗೆ ಹಾಕಿ ಮಾಡುವ ಸೋಡಾ ಬ್ರೆಡ್ಡಿಗೆ ಹಿಟ್ಟು ಕಲಸುತ್ತಾ ಪ್ರಶ್ನೆ ಕೇಳಿದಳು. ಮುಖ ಕಾಣದಿದ್ದರೆ ಜನ ಬಾಯಿ ಬಿಡುತ್ತಾರೆ. ಪರದೆಯ ಹಿಂದೆ ಕೂತು ಜನರ ಪಾಪ ಕೇಳಿಸಿಕೊಳ್ಳುವ ಪಾದ್ರಿಗಳಿಗೆ ಇದು ಯಾವತ್ತಿನಿಂದಲೂ ಗೊತ್ತು, ಡಿಂಪ್ನಾ ಅದಕ್ಕೆ ಮಜ್ಜಿಗೆ ಮತ್ತು ಹಿಟ್ಟು ಸೇರಿಸಿದಳು, ಅಷ್ಟೆ.

ಬೆಲ್‌ಫಾಸ್ಟಿನಿಂದ ಬ್ರೋನಾ ಅನ್ನುವ ಹುಡುಗಿ ಬಂದಿದ್ದಳು. ತನ್ನ ತಾಯಿ ನಡೆಸುವ ಹೆಂಗಸರ ಕ್ಷೌರದಂಗಡಿಯ ಬಗ್ಗೆ ಚಿತ್ರ ಮಾಡಿದ್ದಳು.

“ಹೊಟ್ಟೆಪಾಡಿಗೆ ಏನು ಮಾಡ್ತೀಯಮ್ಮ?” ಡಿಂಪ್ನಾಳ ಮೊದಲ ಪ್ರಶ್ನೆ ಯಾವಾಗಲೂ ಇದೇ.

“ಮದುವೆ ವಿಡಿಯೊ ತೆಗೀತೀನಿ.”

“ಸಿನಿಮಾಗಿಂತ ಅದೇ ಕಷ್ಟ ಇರಬೇಕಲ್ಲ?”

“ಹೌದು. ಸಿನಿಮಾದಲ್ಲಿ ಹೆಣ್ಣಿನ ಅಮ್ಮ ಬಂದು ಕ್ಯಾಮೆರಾ ಮುಂದೆ ನಿಂತ್ಕೊಳಲ್ಲ.”

ಇನ್ನೊಮ್ಮೆ ಗಂಡ ಹೆಂಡತಿ ಇಬ್ಬರು ಬಂದರು. ಕೈಯಲ್ಲೇ ಚಿತ್ರ ಬರೆದು ಸಿನಿಮಾ ಮಾಡುವವರು. ಒಂದು ಕೋಳಿ ಅಂಗಳ ದಾಟುವುದನ್ನು ಬರೆಯಲು ವರ್ಷಗಟ್ಟಲೆ ಕೂತಿದ್ದರಂತೆ. “ನಮ್ಮ ಕೋಳಿ ಇಷ್ಟು ಹೊತ್ತಿಗೆ ದಾಟಿ, ಮೊಟ್ಟೆ ಇಟ್ಟು, ಸಾರೂ ಆಗಿರುತ್ತಿತ್ತು” ಅಂದೆ. ಡಿಂಪ್ನಾ ಹಿಟ್ಟಿನ ಕೈಯಲ್ಲೇ ನನ್ನ ಕಡೆ ಬೆರಳು ತೋರಿಸಿ, “ನೀನು ಪೆಟ್ಟಿಗೆ ಹಿಡ್ಕೊ, ಸಾಕು” ಅಂದಳು. ಆಮೇಲೆ ಅವರನ್ನು, ಕೋಳಿ ತಲೆ ಆಡಿಸುತ್ತಾ ನಡೆಯುವುದನ್ನು ಎಲ್ಲಿ ನೋಡಿ ಕಲಿತಿರಿ, ಬೇಸರ ಬಂದಾಗ ಇಬ್ಬರಲ್ಲಿ ಯಾರು ಮೊದಲು ಸಿಡುಕುತ್ತಿದ್ದಿರಿ ಎಂದೆಲ್ಲ ಕೇಳಿದಳು. ಅವಳಿಗೆ ನಿಜವಾಗಿ ತಿಳಿಯಬೇಕಿರುತ್ತದೆ. ಗೊತ್ತಿದ್ದದ್ದನ್ನು ತೋರಿಸಿಕೊಳ್ಳಲು ಕೇಳುವವಳಲ್ಲ.

ಆದರೆ ಅವಳ ಕೊನೆಯ ಪ್ರಶ್ನೆ ಮಾತ್ರ ಬದಲಾಗುತ್ತಿರಲಿಲ್ಲ. “ಸಿನಿಮಾದಿಂದ ಕತ್ತರಿಸಿ ತೆಗೆದುಹಾಕಿದ್ದರಲ್ಲಿ ನಿನ್ನನ್ನ ಕಾಡೋದು ಯಾವುದು? ಯಾಕೆ ತೆಗೆದೆ?”

ಬ್ರೋನಾ ಹೀಗೆ ಹೇಳಿದ್ದಳು. “ಅಮ್ಮ ಅಂಗಡಿ ಬಾಗಿಲು ಹಾಕಿ, ಕೊನೆಗೆ ತನ್ನ ತಲೆ ತಾನೇ ಬಾಚಿಕೊಳ್ತಾಳೆ. ತುಂಬ ಚೆನ್ನಾಗಿತ್ತು. ಅದರ ಪಕ್ಕ ಉಳಿದ ಸಿನಿಮಾ ಸಪ್ಪೆ ಕಾಣ್ತಿತ್ತು. ಅದಕ್ಕೇ ತೆಗೆದೆ.”

ಈ ಪ್ರಶ್ನೆ ಯಾಕೆ ಎಂದು ಆ ಬಂದವರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಊರಿನ ನಮಗೆಲ್ಲ ಗೊತ್ತಿತ್ತು.

ನಾನು ಹುಡುಗನಾಗಿದ್ದಾಗ ಲಾರ್ಕನ್ ಟಿರೆಲ್ ಅನ್ನುವ ಡಬ್ಲಿನ್ನಿನ ನಿರ್ದೇಶಕನೊಬ್ಬ ನಮ್ಮ ಜೌಗುನೆಲಕ್ಕೆ ಬಂದು ಚಿತ್ರ ತೆಗೆದಿದ್ದ. ಒಲೆಗೆ ಹಾಕಲು ನಾವು ಜೌಗುಮಣ್ಣನ್ನು ಕಡಿದು ಒಣಗಿಸುತ್ತೇವಲ್ಲ, ಅದರ ಬಗ್ಗೆ. ಕಡಿಯುವುದಕ್ಕೆ ಅವನು ಆರಿಸಿಕೊಂಡದ್ದು ಡಿಂಪ್ನಾಳ ಅಪ್ಪ ಸೆನನ್ ಗಾರ್ವಿಯನ್ನು. ಸೆನನ್ ಸನಿಕೆ ಹಿಡಿದರೆ ಹೆಂಟೆಗಳು ಅಳತೆ ಹಿಡಿದು ಕೊಯ್ದ ಹಾಗೆ ಬರುತ್ತಿದ್ದವು. ಇಡೀ ಒಂದು ದಿನ ಅವನ ಚಿತ್ರ ತೆಗೆದರು. ಸೆನನ್ ಊರೆಲ್ಲ ಹೇಳಿಕೊಂಡು ಬಂದ. ಚಿತ್ರ ಸಭಾಂಗಣಕ್ಕೆ ಬಂದಾಗ ಭಾನುವಾರದ ಸೂಟು ಹಾಕಿ, ಮಗಳನ್ನು ಪಕ್ಕ ಕೂರಿಸಿಕೊಂಡು ಮುಂದಿನ ಸಾಲಿನಲ್ಲಿ ಕೂತ. ಚಿತ್ರ ಮುಗಿಯಿತು. ಜೌಗು ಕಂಡಿತು, ಹಸು ಕಂಡಿತು, ಸೆನನ್ ಎಲ್ಲೂ ಇರಲಿಲ್ಲ. ಹಿಂದಿನಿಂದ ಯಾರೋ, “ಸೆನನ್, ಹಸುವಿನ ಹಿಂದೆ ನಿಂತಿದ್ಯೇನೋ?” ಅಂದರು. ಸಭಾಂಗಣ ಬಿದ್ದು ಬಿದ್ದು ನಕ್ಕಿತು. ಸೆನನ್ನೂ ನಕ್ಕ. ಅವತ್ತಿನಿಂದ ಅವನಿಗೆ ‘ಸ್ಟಾರ್’ ಅಂತಲೇ ಹೆಸರು ಬಿತ್ತು. ಕರೆದರೆ ಓಗೊಡುತ್ತಿದ್ದ, ಆದರೆ ಸಭಾಂಗಣದೊಳಗೆ ಮತ್ತೆ ಕಾಲಿಡಲಿಲ್ಲ. ಇಸ್ಪೀಟಿಗೂ ಇಲ್ಲ, ಕ್ರಿಸ್‌ಮಸ್ ಹಾಡಿಗೂ ಇಲ್ಲ. ಯಾಕೆ ಎಂದು ಕೇಳಿದರೆ, “ಅಲ್ಲಿ ತುಂಬಾ ಚಳಿ” ಅನ್ನುತ್ತಿದ್ದ. ಹಾಗೇ ಕಣ್ಣು ಮುಚ್ಚಿದ.

ಅಪ್ಪನನ್ನು ಯಾಕೆ ತೆಗೆದುಹಾಕಿದರು ಎಂಬುದೊಂದು ಡಿಂಪ್ನಾಳಿಗೆ ಗೊತ್ತಾಗಬೇಕಿತ್ತು. ಅಪ್ಪ ಚೆನ್ನಾಗಿ ಕಾಣಲಿಲ್ಲವೇ, ಏನಾದರೂ ತಪ್ಪು ಮಾಡಿದನೇ? ಟಿರೆಲ್‌ಗೆ ಫೋನ್ ಮಾಡಿ ಕರೆದಳು. ಬರಲು ಆಗುವುದಿಲ್ಲ ಅಂದ. ಮರುವರ್ಷ ಕರೆದಳು, ಆರೋಗ್ಯ ಸರಿಯಿಲ್ಲ ಅಂದ. ಮೂರನೆಯ ಸಲ ಕರೆದಾಗ, “ಆಯ್ತು, ಇಷ್ಟು ಕರೀತಿದೀರ” ಅಂದ.

ಇಲ್ಲಿ ನಮ್ಮ ಕಡೆಯ ಒಂದು ರೀತಿ ಹೇಳಬೇಕು. ಯಾರೇ ಏನೇ ಕೊಡಲಿ, ಮೊದಲು ಬೇಡ ಅನ್ನಬೇಕು. ಎರಡನೆಯ ಸಲವೂ ಬೇಡ ಅನ್ನಬೇಕು, ಸ್ವಲ್ಪ ಮೆತ್ತಗೆ. ಮೂರನೆಯ ಸಲ ಕೇಳಿದಾಗ, ನಿಮ್ಮ ಮಾತಿಗೆ ಇಲ್ಲ ಅನ್ನಲಾರೆ ಅನ್ನುವ ಹಾಗೆ ತೆಗೆದುಕೊಳ್ಳಬೇಕು. ಕೊಡುವವರಿಗೂ ಇದು ಗೊತ್ತಿರುವುದರಿಂದ ಯಾರೂ ಉಪವಾಸ ಬೀಳುವುದಿಲ್ಲ. ಒಮ್ಮೆ ಯಾವುದೋ ನಿರ್ದೇಶಕನ ಜೊತೆ ಬಂದ ಡೆನ್ಮಾರ್ಕಿನ ಕ್ಯಾಮೆರಾದವನು, ಕೇಕ್ ತಿಂತೀರಾ ಎಂದು ಕೇಳಿದ ಮೊದಲ ಸಲಕ್ಕೇ “ಕೊಡಿ” ಅಂದುಬಿಟ್ಟ. ಡಿಂಪ್ನಾ ತಬ್ಬಿಬ್ಬಾದಳು. ಕೇಕ್ ಇನ್ನೂ ಡಬ್ಬಿಯಿಂದ ಹೊರಗೇ ಬಂದಿರಲಿಲ್ಲ.

ಟಿರೆಲ್ ಬಂದ. ಎಪ್ಪತ್ತು ದಾಟಿದ, ಮೈಯೆಲ್ಲ ಮೂಳೆಯ ಮನುಷ್ಯ. ಸಭಾಂಗಣದಲ್ಲಿ ಅವನ ಹೊಸ ಚಿತ್ರ ತೋರಿಸಿದರು. ಕಾಡುಬಾತುಗಳು ಕೆಸರಿನಲ್ಲಿ ಇಳಿಯುತ್ತವೆ, ಮೇಯುತ್ತವೆ, ಹಾರುತ್ತವೆ. ಒಂದು ನರಪಿಳ್ಳೆ ಇಲ್ಲ. ಚೆನ್ನಾಗಿರಲಿಲ್ಲ ಎಂದು ಹೇಳುವ ಆಸೆ ನನಗೆ ಬಹಳ ಇತ್ತು, ಆದರೆ ಚೆನ್ನಾಗಿತ್ತು.

ಬೆಳಿಗ್ಗೆ ಅವನು ಅಡುಗೆಮನೆಯ ಮೇಜಿಗೆ ಬಂದು ಕೂತ. ನಾನು ಪೆಟ್ಟಿಗೆಯ ಗುಂಡಿ ಒತ್ತಿದೆ. ಡಿಂಪ್ನಾ ಬೆನ್ನು ತಿರುಗಿಸಿ ಹಿಟ್ಟಿಗೆ ಕೈ ಹಾಕಿದಳು. ತಾನು ಯಾರ ಮಗಳು ಎಂದು ಅವಳು ಹೇಳಿರಲಿಲ್ಲ. ಗಾರ್ವಿ ಅನ್ನುವ ಹೆಸರಿನವರು ನಮ್ಮಲ್ಲಿ ಬೇಲಿಗೊಬ್ಬರು, ಅವನಿಗೆ ಗೊತ್ತಾಗುವಂತಿರಲಿಲ್ಲ.

“ಇಷ್ಟು ವರ್ಷ ಬರೀ ಹಕ್ಕಿಗಳ ಚಿತ್ರ ಮಾಡಿದೀರಿ. ಮನುಷ್ಯರು ಯಾಕೆ ಬೇಡವಾದರು?”

“ಹಕ್ಕಿಗಳನ್ನ ಕೇಳಬೇಕಾಗಿಲ್ಲ” ಅಂದ ಟಿರೆಲ್.

“ಏನು ಕೇಳಬೇಕಾಗಿಲ್ಲ?”

“ಒಪ್ಪಿಗೆ.” ಅವನು ಟೀಯಲ್ಲಿ ಚಮಚ ತಿರುಗಿಸಿದ. “ನಿಮ್ಮೂರಿಗೆ ಬರೋಕೆ ನಂಗೆ ಹೆದರಿಕೆ ಇತ್ತು ಕಣ್ರೀ. ಇಲ್ಲೊಬ್ಬರು ಇದ್ದರು. ಸೆನನ್ ಅಂತ.”

ನನ್ನ ಕಿವಿ ನೆಟ್ಟಗಾಯಿತು. ಡಿಂಪ್ನಾಳ ಕೈ ನಿಲ್ಲಲಿಲ್ಲ.

“ಅವರು ಮಣ್ಣು ಕಡೀತಿದ್ದರು. ಕಡಿದ ಹೆಂಟೆನ ಹಿಂದೆ ನಿಂತೋರಿಗೆ ಎಸೀತಾರಲ್ಲ, ಅವರು ಹಿಡಿದು ಹರಡ್ತಾರಲ್ಲ. ಅವತ್ತು ಹಿಂದೆ ಯಾರೂ ಇರಲಿಲ್ಲ. ತಾನೇ ಕಡಿದು ತಾನೇ ಪಕ್ಕಕ್ಕೆ ಇಡ್ತಿದ್ದರು. ಒಂದು ಸಲ ಮೈಮರೆತು ಹಿಂದಕ್ಕೆ ಎಸೆದುಬಿಟ್ಟರು. ಹೆಂಟೆ ಹೋಗಿ ನೆಲಕ್ಕೆ ಬಿತ್ತು. ಅವರು ತಿರುಗಿ, ಆ ಖಾಲಿ ಜಾಗ ನೋಡ್ತಾ ನಿಂತರು. ಆಮೇಲೆ ನನ್ನ ಕಡೆ ನೋಡಿ, ‘ಅಲ್ಲಿ ಕ್ಯಾಥ್ಲೀನ್ ನಿಂತಿರ್ತಿದ್ಲು’ ಅಂದರು. ಹೆಂಡತಿ ಹೋಗಿ ಒಂದು ಚಳಿಗಾಲ ಕಳೆದಿತ್ತಂತೆ. ಕ್ಯಾಮೆರಾ ಓಡ್ತಾನೇ ಇತ್ತು. ನನ್ನ ಜೀವನದಲ್ಲಿ ನಾನು ತೆಗೆದದ್ದರಲ್ಲಿ ಅದಕ್ಕಿಂತ ಒಳ್ಳೇದಿಲ್ಲ.”

“ಆದ್ರೂ ತೆಗೆದು ಹಾಕಿದಿರಿ” ಅಂದಳು ಡಿಂಪ್ನಾ. ದನಿ ಹಿಟ್ಟಿನೊಳಗಿಂದ ಬಂದ ಹಾಗಿತ್ತು.

“ಕಳ್ಳತನ ಮಾಡಿದ ಹಾಗೆ ಅನ್ನಿಸ್ತು. ಜೌಗಿನ ಪಕ್ಕ ಇದ್ದ ಅವರ ಚಿಕ್ಕ ಮನೆಗೇ ಹೋಗಿ ಕೇಳಿದೆ. ಆ ಭಾಗ ಇಟ್ಕೊಳ್ಳಲಾ, ನಿಮಗೆ ಒಪ್ಪಿಗೆನಾ ಅಂತ. ‘ಅಯ್ಯೋ ಬಿಡಪ್ಪ, ನನ್ನ ಈ ಮುಖ ಯಾರಿಗೆ ಬೇಕು’ ಅಂದರು. ನಿಜವಾಗ್ಲೂ ಬೇಡವಾ ಅಂತ ಇನ್ನೊಂದು ಸಲ ಕೇಳಿದೆ. ‘ಬೇಡಪ್ಪ, ಚೆನ್ನಾಗಿರೋರು ಯಾರನ್ನಾದರೂ ಹಾಕು’ ಅಂದರು.”

“ಆಮೇಲೆ?”

“ಆಮೇಲೇನು, ಟೀ ಕೊಟ್ಟರು. ಕುಡಿದು ಬಂದೆ.”

ನನಗೆ ತಡೆಯಲಾಗಲಿಲ್ಲ. “ಮೂರನೇ ಸಲ ಕೇಳಲಿಲ್ವಾ?”

“ಎರಡು ಸಲ ಬೇಡ ಅಂದೋರನ್ನ ಮತ್ತೆ ಹೇಗೆ ಪೀಡಿಸೋದು? ನಮ್ಮನೇಲಿ ಬೇಡ ಅಂದ್ರೆ ಅಮ್ಮ ತಟ್ಟೆ ತೆಗೆದು ಒಳಗಿಡೋಳು.”

“ಎಂಥಾ ಮನೇಲಿ ಬೆಳೆದ್ರಿ ಮಾರಾಯ್ರೆ” ಅಂದೆ.

ಸೋಡಾ ಬ್ರೆಡ್ಡಿನ ಹಿಟ್ಟನ್ನು ಹೆಚ್ಚು ನಾದಬಾರದು, ಕಲ್ಲಾಗುತ್ತದೆ. ಇದು ಡಿಂಪ್ನಾ ಪ್ರತಿ ಅತಿಥಿಗೂ ಹೇಳುವ ಮಾತು. ಆ ಬೆಳಿಗ್ಗೆ ಅವಳು ನಾದುತ್ತಲೇ ಇದ್ದಳು. ನಾದುತ್ತಲೇ, “ನಾನು ಅವರ ಮಗಳು” ಅಂದಳು.

ಟಿರೆಲ್ ಚಮಚ ಕೆಳಗಿಟ್ಟ.

“ಅಪ್ಪ ಸೂಟು ಹಾಕ್ಕೊಂಡು ಬಂದಿದ್ರು” ಅಂದಳು. “ಬೇಡ ಅಂತ ಎರಡು ಸಲ ಹೇಳಿ ಬಂದಿದ್ರು. ಅಂದ್ರೆ ಹಾಕ್ತಾರೆ ಅಂತಲೇ ಅವರ ಲೆಕ್ಕ. ಆಮೇಲೆ ಯಾರ ಹತ್ರ ಹೇಳಿಕೊಳ್ಳೋದು? ನಾನೇ ಬೇಡ ಅಂದಿದ್ದೆ, ಆದರೆ ಬೇಕಿತ್ತು ಅಂತ ಊರಲ್ಲಿ ಹೇಳೋಕಾಗುತ್ತಾ?”

ನಮ್ಮೂರಿನಲ್ಲಿ ಖಂಡಿತ ಆಗುವುದಿಲ್ಲ. ಸಭಾಂಗಣದಲ್ಲಿ ಚಳಿ ಎಂದು ಹೇಳುವುದು ಸುಲಭ. ಇಷ್ಟು ವರ್ಷ ಆ ಡಬ್ಲಿನ್ನಿನವನನ್ನು ನಾನು ಬೈದದ್ದು ಸ್ವಲ್ಪವಲ್ಲ. ಅವತ್ತು ಮೇಜಿನಾಚೆ ಅವನು ತಲೆ ತಗ್ಗಿಸಿ ಕೂತಿದ್ದನ್ನು ನೋಡಿ, ಬೈಯಲು ಬಾಯಿ ಬರಲಿಲ್ಲ. ಮರ್ಯಾದೆಯವರಿಬ್ಬರು ಒಬ್ಬರನ್ನೊಬ್ಬರು ನೋಯಿಸಬಾರದೆಂದು ಹೋಗಿ ಹೀಗಾಗಿತ್ತು.

ನಾನು ಪೆಟ್ಟಿಗೆ ಆರಿಸಿದೆ. ಡಿಂಪ್ನಾ ಬ್ರೆಡ್ ಒಲೆಗಿಟ್ಟು, ಕೈ ಒರೆಸಿಕೊಂಡು, ಆ ಬೆಳಿಗ್ಗೆ ಮೊದಲ ಸಲ ಅವನ ಮುಖ ನೋಡಿ ಕೂತಳು.

“ನಾನು ಅದನ್ನ ಬಿಸಾಕಲಿಲ್ಲ” ಅಂದ ಟಿರೆಲ್. “ಆ ಫಿಲ್ಮ್ ಸುರುಳಿ ಮನೇಲೇ ಇದೆ. ಬೇಕಾದ್ರೆ ತಂದು ತೋರಿಸ್ತೀನಿ. ಸಭಾಂಗಣದಲ್ಲೇ.”

“ಅಯ್ಯೋ, ನೀವ್ಯಾಕೆ ಅಷ್ಟು ತೊಂದರೆ ತಗೋತೀರಿ” ಅಂದಳು ಡಿಂಪ್ನಾ.

ನಾನು ಅವಳ ಮುಖ ನೋಡಿದೆ. ಹೇಳುತ್ತಿದ್ದುದು ನಾಲಿಗೆ ಮಾತ್ರ.

“ತೊಂದರೆ ಏನಿಲ್ಲ. ಮುಂದಿನ ತಿಂಗಳು ತರಲಾ?”

“ಬೇಡ ಬಿಡಿ. ಅಷ್ಟು ದೂರದಿಂದ, ಈ ವಯಸ್ಸಲ್ಲಿ, ಬರೀ ಅದಕ್ಕೋಸ್ಕರ.”

ಟಿರೆಲ್ “ಹೂಂ” ಅಂದ. ಬಟ್ಟಲಿನ ತಳ ನೋಡಿದ. ಎದ್ದು ಕೋಟಿಗೆ ಕೈ ಹಾಕಿದ. ಮೇಜಿನ ಕೆಳಗೆ ಅವನ ಕಾಲಿಗೆ ಒದೆಯಲು ನನ್ನ ಕಾಲು ಹೋಯಿತು, ಅಷ್ಟರಲ್ಲಿ ಅವನು ಎದ್ದಾಗಿತ್ತು. ಡಿಂಪ್ನಾ ಮೇಜಿನ ಮೇಲಿನ ಹಿಟ್ಟಿನ ಪುಡಿಯನ್ನು ಅಂಗೈಯಿಂದ ಒಂದೆಡೆ ಗುಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಅವನು ಒಂದು ತೋಳು ಹಾಕಿಕೊಂಡ, ಇನ್ನೊಂದು ತೋಳು ಹುಡುಕಿದ, ಬಾಗಿಲ ತನಕ ಹೋದ. ಅಲ್ಲಿ ಚಿಲಕ ಹಿಡಿದು ನಿಂತ.

“ಡಿಂಪ್ನಾ” ಅಂದ. “ತರ್ತೀನಿ. ತರಲಾ?”

“ನಿಮಗೆ ತೊಂದರೆ ಆಗಲ್ಲ ಅಂದ್ರೆ” ಅಂದಳು ಡಿಂಪ್ನಾ. ಆಮೇಲೆ, “ಕೋಟು ತೆಗೀರಿ, ಬ್ರೆಡ್ ಇನ್ನೇನು ಆಯ್ತು” ಅಂದಳು.

ಬ್ರೆಡ್ ಕಲ್ಲಾಗಿತ್ತು. ಅವನು ಬೇಡ ಅನ್ನದೆ ತಿಂದ.

ಮರು ತಿಂಗಳು ಸುರುಳಿ ಬಂತು. ಗುರುವಾರ ಸತ್ತವರ ಹೆಸರು ಓದಿ ಮುಗಿದ ಮೇಲೆ ಡಿಂಪ್ನಾ ತಾನೇ ರೇಡಿಯೊದಲ್ಲಿ ಹೇಳಿದ್ದರಿಂದ ಸಭಾಂಗಣ ತುಂಬಿತ್ತು. ಮುಂದಿನ ಸಾಲಿನಲ್ಲಿ ಅವಳು, ಪಕ್ಕದಲ್ಲಿ ನಾನು. ಪರದೆಯ ಮೇಲೆ ಸೆನನ್ ಗಾರ್ವಿ ಬಂದ. ಕಡಿದ, ಪಕ್ಕಕ್ಕಿಟ್ಟ. ಕಡಿದ, ಪಕ್ಕಕ್ಕಿಟ್ಟ. ಆಮೇಲೆ ಮೈಮರೆತು ಹೆಂಟೆಯನ್ನು ಹಿಂದಕ್ಕೆ ಎಸೆದ. ಅದು ಗಾಳಿಯಲ್ಲಿದ್ದಾಗ ನನ್ನ ಪಕ್ಕ ಕೂತಿದ್ದ ಡಿಂಪ್ನಾಳ ಎರಡೂ ಕೈಗಳು ಹಿಡಿಯಲು ಮಡಿಲಿನಿಂದ ಮೇಲೆದ್ದವು.