ಅಳಿವೆಯಲ್ಲಿ ಹಡಗು ಕಾಣುವ ಮೊದಲು

ಇಂಥ ಅನುಭವಗಳನ್ನು ಹೇಳಿಕೊಳ್ಳುವವರಿಗೆ ನಾನು ಎಂದೂ ಕಿವಿಗೊಟ್ಟವನಲ್ಲ. ಸಹಕಾರನಗರದ ಪಾರ್ಕಿನಲ್ಲಿ ಬೆಳಗಿನ ನಡಿಗೆಯ ಗೆಳೆಯರು ಸತ್ತವರ ನೆರಳು, ಕನಸಿನ ಸೂಚನೆ ಎಂದು ಮಾತು ತೆಗೆದರೆ, ಬಿ.ಪಿ. ಮಾತ್ರೆ ತೆಗೆದುಕೊಂಡಿರಾ ಎಂದು ಕೇಳಿ ಅವರ ಬಾಯಿ ಮುಚ್ಚಿಸುತ್ತಿದ್ದೆ. ಓದುವವರು ಈಗ ನನ್ನನ್ನೂ ಅದನ್ನೇ ಕೇಳಬಹುದು. ಆ ದಿನ ನಾನು ಮಾತ್ರೆ ತಪ್ಪಿಸಿರಲಿಲ್ಲ.

ನನ್ನ ತಮ್ಮ ಮೋಹನನ ಮನೆ ಆರ್.ಟಿ. ನಗರದಲ್ಲಿದೆ. ಕೆಲವು ವರ್ಷಗಳ ಹಿಂದೆ ಅವನ ಮಗಳ ಮದುವೆ ನಿಶ್ಚಯವಾಯಿತು. ಮೊದಲ ಲಗ್ನಪತ್ರಿಕೆಯನ್ನು ದೇವರ ಮುಂದಿಟ್ಟ ಮೇಲೆ, ಗಂಡಹೆಂಡತಿ ಇಬ್ಬರೂ ಮನೆಯ ಹಿರಿಯನಲ್ಲಿಗೆ ಹೋಗಿ, ಅಕ್ಷತೆ ಕೊಟ್ಟು, ಬಾಯಿ ತುಂಬ ಕರೆಯುವುದು ನಮ್ಮಲ್ಲಿ ನಡೆದುಬಂದ ಕ್ರಮ. ನನಗೆ ಪತ್ರಿಕೆ ಫೋನಿನಲ್ಲಿ ಬಂತು. ಅದರ ಕೆಳಗೆ ಕೈ ಮುಗಿದಂತಿರುವ ಒಂದು ಹಳದಿ ಚಿತ್ರ. ಮರುದಿನ ಅವನೇ ಕರೆ ಮಾಡಿದ.

“ಎಲ್ರಿಗೂ ವಾಟ್ಸಾಪಲ್ಲೇ ಕಳ್ಸಿದ್ದು ಕಣೋ ಅಣ್ಣ. ಈ ಟ್ರಾಫಿಕ್ಕಲ್ಲಿ ಹೆಬ್ಬಾಳ ಫ್ಲೈಓವರ್ ದಾಟ್ಕೊಂಡು ಯಾರ್ ಬರ್ತಾರೆ ಹೇಳು.”

“ಹಾಗಾದ್ರೆ ನಾನೂ ದಾಟಲ್ಲ ಬಿಡು,” ಎಂದೆ.

ಮದುವೆಗೆ ನನ್ನ ಹೆಂಡತಿ ಒಬ್ಬಳೇ ಹೋಗಿ ಬಂದಳು. ಅಲ್ಲಿಗೆ ನಮ್ಮಿಬ್ಬರ ಮಾತು ನಿಂತಿತು. ಮನೆಗೆ ಬಂದು, ತಪ್ಪಾಯಿತು ಎಂದು ಅವನು ಒಂದು ಮಾತು ಹೇಳಿದ್ದರೆ ಸಾಕಿತ್ತು. ಆ ಮಾತಿಗಾಗಿ ನಾನು ವರ್ಷಗಟ್ಟಲೆ ಕಾದೆ. ಅವನು ಸಣ್ಣವನಿದ್ದಾಗಿನಿಂದಲೂ ಹಾಗೆಯೇ, ಬಗ್ಗುವವನಲ್ಲ.

ಹೋದ ಚಳಿಗಾಲ ಹಳೆಯ ಸಹೋದ್ಯೋಗಿಯೊಬ್ಬರ ಮಗನ ಮದುವೆಗೆಂದು ಮಂಗಳೂರಿಗೆ ಹೋಗಿದ್ದೆ. ಅವರು ಮನೆಗೇ ಬಂದು ಕರೆದಿದ್ದರು. ಊಟ ಮುಗಿದ ಮೇಲೆ ಬಸ್ಸಿಗೆ ಇನ್ನೂ ಸಮಯವಿದ್ದುದರಿಂದ ಒಬ್ಬನೇ ಹಡಗುಗಳು ನಿಲ್ಲುವ ಹಳೆಯ ಧಕ್ಕೆಗೆ ಹೋದೆ. ತಂದೆಯವರಿಗೆ ಆ ಊರಿಗೆ ವರ್ಗವಾಗಿದ್ದಾಗ ನಾನೂ ಮೋಹನನೂ ಶಾಲೆ ಬಿಟ್ಟೊಡನೆ ಹಡಗು ನೋಡಲು ಅಲ್ಲಿಗೆ ಓಡುತ್ತಿದ್ದೆವು. ಲಕ್ಷದ್ವೀಪದಿಂದ ಕೊಬ್ಬರಿ ಹೇರಿಕೊಂಡು, ಮಂಜಿ ಎಂದು ಅಲ್ಲಿಯವರು ಕರೆಯುವ ದೊಡ್ಡ ಮರದ ಹಡಗುಗಳು ಬರುತ್ತಿದ್ದವು. ನದಿ ಸಮುದ್ರಕ್ಕೆ ಸೇರುವ ಅಳಿವೆಯಲ್ಲಿ ಹಡಗನ್ನು ಮೊದಲು ಕಂಡವನು ‘ನಂದು’ ಎಂದು ಕೂಗಬೇಕು. ಸೋತವನು ಗೆದ್ದವನ ಚೀಲವನ್ನೂ ಮನೆಯವರೆಗೆ ಹೊರಬೇಕು. ಮೋಹನ ಹಡಗು ಕಾಣುವ ಮೊದಲೇ ಅಂದಾಜಿನ ಮೇಲೆ ಕೂಗಿಬಿಡುತ್ತಿದ್ದ. ಅವನ ಚೀಲ ಹೊತ್ತ ನನ್ನ ಹೆಗಲು ಅದನ್ನು ಇನ್ನೂ ಮರೆತಿಲ್ಲ.

ಅಂದು ಸಂಜೆ ಧಕ್ಕೆಯಲ್ಲಿ ಹೆಚ್ಚು ಜನರಿರಲಿಲ್ಲ. ಸರಕು ಇಳಿಸುವ ನಡುವಯಸ್ಸಿನ ಆಳೊಬ್ಬ ನನ್ನ ಪಕ್ಕದ ಮೂಟೆಯ ಮೇಲೆ ಕುಳಿತು ಚಹ ಕುಡಿಯುತ್ತಿದ್ದ. ನಾನು ಅಳಿವೆಯನ್ನೇ ನೋಡುತ್ತಿದ್ದೆ. ಅಲ್ಲಿ ಬರಿಯ ನೀರು. ಆಗ ನನ್ನ ಎಡಗಿವಿಯ ಹಿಂದೆಯೇ, “ಅಣ್ಣಾ, ನಂದು ಕಣೋ,” ಎಂದು ಕೇಳಿಸಿತು. ಹುಡುಗನ ದನಿಯಲ್ಲ, ಮೋಹನನ ಈಗಿನ, ಸ್ವಲ್ಪ ಕಫ ಕಟ್ಟಿದ ದನಿ.

ತಿರುಗಿ ನೋಡಿದೆ. ಯಾರೂ ಇರಲಿಲ್ಲ. ಪಕ್ಕದವನೂ ತಿರುಗಿ ನೋಡುತ್ತಿದ್ದ.

“ಯಾರು ಮಾರಾಯ್ರೆ ನಿಮ್ಮನ್ನು ಕರೆದದ್ದು?”

“ನಿಮಗೂ ಕೇಳಿಸ್ತಾ?”

“ಕೇಳದೆ? ಅಣ್ಣಾ ಅಂತ ಹೇಳಿದ್ದಲ್ವಾ. ಆ ಜನ ಎಲ್ಲಿಗೆ ಹೋದದ್ದು?”

ಅವನು ಎದ್ದು ಮೂಟೆಗಳ ಹಿಂದೆಲ್ಲ ನೋಡಿ ಬಂದ. ಅವನು ಮತ್ತೆ ಕುಳಿತು ಚಹದ ಲೋಟ ಎತ್ತಿಕೊಂಡ ಮೇಲೆ, ಅಳಿವೆಯ ತಿರುವಿನಲ್ಲಿ ಒಂದು ಮಂಜಿಯ ಮೂತಿ ಕಾಣಿಸಿತು. ನಿಜ ಹೇಳಬೇಕೆಂದರೆ, ಮೊದಲು ನನಗೆ ಆದದ್ದು ಭಯವಲ್ಲ, ಸಿಟ್ಟು. ಕಾಣುವ ಮೊದಲೇ ಕೂಗಿದ್ದ.

ಬಸ್ಸು ಹತ್ತುವಾಗ ಹೆಂಡತಿಯ ಕರೆ ಬಂತು. ಮೋಹನನಿಗೆ ಬೆಳಿಗ್ಗೆ ಪಾರ್ಶ್ವವಾಯು ಹೊಡೆದು ಆಸ್ಪತ್ರೆಗೆ ಸೇರಿಸಿದ್ದರು. ಮದುವೆಮನೆಯಲ್ಲಿದ್ದೇನೆಂದು ನನಗೆ ತಡವಾಗಿ ತಿಳಿಸಿದ್ದರು. ಅದನ್ನೂ ನಾನು ನೆನಪಿಟ್ಟಿದ್ದೇನೆ. ಮರುದಿನ ಆಸ್ಪತ್ರೆಗೆ ಹೋದಾಗ ತಮ್ಮನ ಹೆಂಡತಿ, “ನಿನ್ನೆ ಬೆಳಿಗ್ಗೆಯಿಂದ ಒಂದಕ್ಷರ ಬಾಯಿಂದ ಬಂದಿಲ್ಲ ಭಾವ, ಮಾತೇ ಹೋಗ್ಬಿಟ್ಟಿದೆ,” ಎಂದು ಅತ್ತಳು.

ಹಾಗಾದರೆ ಸಂಜೆ ಧಕ್ಕೆಯಲ್ಲಿ ಆಡಿದವರಾರು? ಬೇರೆ ಯಾರೋ ತಮ್ಮ ಅಣ್ಣನನ್ನು ಕರೆದಿರಬಹುದು ಎಂದುಕೊಂಡೆ. ಅಲ್ಲಿ ಕರೆಯುವವರೇ ಇರಲಿಲ್ಲ. ನನ್ನ ಭ್ರಮೆ ಎಂದುಕೊಂಡೆ. ಪಕ್ಕದವನ ಕಿವಿಗೆ ನನ್ನ ಭ್ರಮೆ ಹೇಗೆ ಬೀಳುತ್ತದೆ? ನಾನು ಕಾದಿದ್ದ ಮಾತು ಅವನಿಂದ ಇನ್ನು ಬರುವಂತಿಲ್ಲ. ಬಂದ ಮಾತು ನನಗೆ ಬೇಕಾದದ್ದಲ್ಲ.

ಈಗ ಅವನು ಮನೆಯಲ್ಲಿದ್ದಾನೆ. ಮನಸ್ಸಿನಲ್ಲಿ ಏನನ್ನೂ ಬಿಟ್ಟುಕೊಡದೆಯೇ ನಾನು ಆಗಾಗ ಹೋಗಿ ಕುಳಿತು ಬರುತ್ತೇನೆ. ಒಮ್ಮೆ ಕೋಣೆಯಲ್ಲಿ ಯಾರೂ ಇಲ್ಲದಾಗ, ಕಿವಿಯ ಹತ್ತಿರ ಬಗ್ಗಿ ಕೇಳಿದೆ: “ನೀನೇ ಏನೋ ಕರೆದಿದ್ದು?”

ಅವನು ನನ್ನನ್ನು ದಿಟ್ಟಿಸಿ ನೋಡಿದ. ಸ್ವಾಧೀನದಲ್ಲಿದ್ದ ಎಡಗೈಯನ್ನು ಹಾಸಿಗೆಯಿಂದ ಸ್ವಲ್ಪ ಮೇಲೆತ್ತಿದ. ಹೌದು ಎಂದನೋ, ಹೋಗು ಎಂದನೋ, ನೀರು ಬೇಕೆಂದನೋ ನನಗೆ ಇಂದಿಗೂ ಗೊತ್ತಿಲ್ಲ. ನೀರು ಕೊಟ್ಟೆ. ಅವನು ಕುಡಿಯಲಿಲ್ಲ.